ಒಂಟಿ ಕವಿಯ ಜೊತೆಗಾರರು

ಇಂಗ್ಲಿಷ್ ಎಂ.ಎ.ಯಲ್ಲಿ ‘ರೊಮ್ಯಾಂಟಿಕ್ ಯುಗದಿಂದ ಇಂದಿನವರೆಗೆ’ ಎಂಬ ಧಾಟಿಯ ಪತ್ರಿಕೆಯೊಂದು ಇದ್ದೇ ಇರುತ್ತದೆ. ಹೆಸರೇನೋ ಭರ್ಜರಿ. ಆದರೆ 1798ರ ‘ಲಿರಿಕಲ್ ಬ್ಯಾಲಡ್ಸ್’ನಿಂದ ಹೊರಟ ಮೇಷ್ಟ್ರು ಟೆನಿಸನ್ನನ ಗಡ್ಡ ದಾಟುವಷ್ಟರಲ್ಲಿ ಪರೀಕ್ಷೆಯ ವೇಳಾಪಟ್ಟಿ ಬಂದುಬಿಡುತ್ತದೆ. ‘ಇಂದು’ ಎಂಬುದು ಗೈಡಿನ ಪಾಲು.

ನನಗಂತೂ ಮೊದಲ ನಿಲ್ದಾಣದಲ್ಲೇ ಇಳಿದುಬಿಡುವ ಚಟ. ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ ಪದ್ಯವನ್ನೇ ನೋಡಿ. ಆ ಹೂವನ್ನು ಕಣ್ಣಾರೆ ಕಾಣದೆಯೇ ನಮ್ಮಲ್ಲಿ ಎಷ್ಟೋ ಜನ ಅದನ್ನು ಉರುಹೊಡೆದು ಪಾಸಾಗಿದ್ದಾರೆ. ಅದರಲ್ಲಿ ಕವಿ ಒಬ್ಬಂಟಿಯಾಗಿ ಅಲೆಯುತ್ತಾನೆ. ತಮಾಷೆ ಇರುವುದೇ ಅಲ್ಲಿ. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ತಂಗಿ ಡೊರೊಥಿಯೂ ಅವನ ಜೊತೆಗೇ ನಡೆಯುತ್ತಿದ್ದಳು. ಅವತ್ತು ಜೋರು ಗಾಳಿ. ಕೆಲವು ಹೂಗಳು ದಣಿದು ಕಲ್ಲಿಗೆ ತಲೆಯಿಟ್ಟದ್ದು ಅವಳ ಕಣ್ಣಿಗೆ ಬಿತ್ತು, ದಿನಚರಿಗೂ ಬಂತು. ಅಣ್ಣ ಪದ್ಯ ಕಟ್ಟಿದ್ದು ಸುಮಾರು ಎರಡು ವರ್ಷದ ಮೇಲೆ, ಅಚ್ಚಾದದ್ದು 1807ರಲ್ಲಿ. ಅದರ ಅತ್ಯುತ್ತಮ ಎರಡು ಸಾಲು ಹೆಂಡತಿ ಮೇರಿಯವು ಎಂದು ಕವಿಯೇ ಹೇಳಿದ್ದಾನೆ. ಕಂಡದ್ದರಲ್ಲಿ ತಂಗಿಗೆ ಪಾಲು, ಬರೆದದ್ದರಲ್ಲಿ ಹೆಂಡತಿಗೆ ಪಾಲು. ಒಂಟಿತನವೊಂದೇ ಅಪ್ಪಟ ಕವಿಕಲ್ಪನೆ!

ಈ ಹುಚ್ಚು ಹಿಡಿದ ಮೇಲೆ ಸಿಲಬಸ್ಸಿನಲ್ಲಿ ಎಲ್ಲಿ ಇಣುಕಿದರೂ ಜೊತೆಗೊಬ್ಬರು ಕಾಣುತ್ತಾರೆ. ಲಂಡನ್ನಿನ ಬ್ಯಾಂಕೊಂದರಲ್ಲಿ ನೌಕರಿಯಲ್ಲಿದ್ದ ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ 1922ರಲ್ಲಿ ಬರುವ ಮೊದಲು ಎಜ್ರಾ ಪೌಂಡ್ ಅದಕ್ಕೆ ಧಾರಾಳವಾಗಿ ಕತ್ತರಿಯಾಡಿಸಿದ್ದ. ಮರುವರ್ಷ ಹೋಗಾರ್ತ್ ಪ್ರೆಸ್ಸಿನ ಆವೃತ್ತಿಗೆ ವರ್ಜೀನಿಯಾ ವುಲ್ಫ್ ಕೈಯಾರೆ ಅಚ್ಚುಮೊಳೆ ಜೋಡಿಸಿದಳು. ಆ ಪದ್ಯಕ್ಕೆ ನೋಟ್ಸ್ ಬರೆದು ಸುಸ್ತಾದ ವಿದ್ಯಾರ್ಥಿಗಳು ಅವಳ ಬೆರಳುಗಳನ್ನು ನೆನೆದು ಸಮಾಧಾನಪಟ್ಟುಕೊಳ್ಳಬಹುದು.

ಮೇಷ್ಟ್ರು ಮುಟ್ಟದ ‘ಇಂದಿ’ಗೆ ಬಂದರೂ ಅದೇ ಕತೆ. ‘ದಿ ರಿಮೇನ್ಸ್ ಆಫ್ ದಿ ಡೇ’ (1989) ಕಾದಂಬರಿಗಾಗಿ ಕಜುವೊ ಇಶಿಗುರೊ ನಾಲ್ಕು ವಾರ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹತ್ತೂವರೆವರೆಗೆ ಬರೆಯುತ್ತ ಕೂತರು. ಅವರ ಪಾಲಿನ ಅಡುಗೆ, ಮನೆಗೆಲಸವನ್ನೂ ಹೆಂಡತಿ ಲೊರ್ನಾ ವಹಿಸಿಕೊಂಡರೆಂದು ಅವರೇ ಬರೆದಿದ್ದಾರೆ. 2017ರಲ್ಲಿ ಅವರಿಗೆ ನೊಬೆಲ್ ಬಂತು. ಪಾತ್ರೆ ತೊಳೆದವರಿಗೆ ಸ್ಟಾಕ್‌ಹೋಮಿನಲ್ಲಿ ಇನ್ನೂ ಪದಕವಿಲ್ಲ.

ಪರೀಕ್ಷೆಯಲ್ಲಿ ‘ಕವಿಯ ಏಕಾಂತ’ದ ಮೇಲೆ ಪ್ರಶ್ನೆ ಬಿದ್ದರೆ ಗೈಡಿನಲ್ಲಿದ್ದಂತೆಯೇ ಬರೆದು ಬನ್ನಿ, ಅಂಕ ಬಿಡಬಾರದು. ಮನೆಗೆ ಬಂದ ಮೇಲೆ ಡೊರೊಥಿಯ ದಿನಚರಿ ಓದಿ. ಆ ಹೂಗಳನ್ನು ಮೊದಲು ಕಾಗದಕ್ಕೆ ಇಳಿಸಿದವಳು ಅವಳು.