ಮೆಕ್ಯಾನಿಕ್‌ಗೂ ಪೈಪೋಟಿಯಲ್ಲಿ ಜಾಗ ಕೊಡಿ

ರಾಷ್ಟ್ರೀಯ ಮೋಟಾರ್‌ಸೈಕಲ್ ರೇಸಿಂಗ್ ಚಾಂಪಿಯನ್‌ಷಿಪ್‌ನ ಆಯೋಜಕರಿಗೆ,



2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ ಫಾರ್ಮುಲಾ ಇ ಎಲೆಕ್ಟ್ರಿಕ್ ಕಾರುಗಳು ಓಡಿದವು. ಅದೇ ವರ್ಷ ಚೆನ್ನೈ ಟ್ರ್ಯಾಕಿಗೆ ಟಿವಿಎಸ್‌ನ ಎಲೆಕ್ಟ್ರಿಕ್ ಅಪಾಚೆ ಬೈಕ್ ಇಳಿಯಿತು. ಎರಡೂ ನನಗೆ ಖುಷಿ ಕೊಟ್ಟ ಸುದ್ದಿ. ಹೊಗೆಯಿಲ್ಲ ಎಂದು ಮೂಗು ಮುರಿಯುವವರ ಸಾಲಿನಲ್ಲಿ ನಾನಿಲ್ಲ. ನನ್ನ ತಕರಾರು ಬೇರೆ. ಅದನ್ನು ಹೇಳಲು ನಮ್ಮೂರಿನ ಹಳೇ ಬೈಕಿನಿಂದಲೇ ಶುರುಮಾಡಬೇಕು.

1961ರಿಂದ 1996ರವರೆಗೆ ಮೈಸೂರಿನ ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೊದಲು ಜಾವಾ, ಆಮೇಲೆ ಯೆಜ್ಡಿ ಬೈಕುಗಳು ಹೊರಬಂದವು. ಚೆನ್ನೈ ಹತ್ತಿರದ ಶೋಲಾವರಂನ ಹಳೇ ವಿಮಾನ ಪಟ್ಟಿಯ ರೇಸುಗಳಲ್ಲಿ ಯೆಜ್ಡಿಯೂ ಓಡಿದೆ. ಆ ಟೂ-ಸ್ಟ್ರೋಕ್ ಎಂಜಿನ್ನಿಗೆ ವಾಲ್ವೂ ಇಲ್ಲ, ಕ್ಯಾಮೂ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳು, ಅಂದರೆ ಪೋರ್ಟ್‌ಗಳೇ ಎಲ್ಲ. ಎಕ್ಸಾಸ್ಟ್ ಪೋರ್ಟನ್ನು ಅರ ಹಿಡಿದು ಕೂದಲೆಳೆಯಷ್ಟು ಎತ್ತರಿಸಿದರೆ ಎಂಜಿನ್ ಜೋರಾಗಿ ತಿರುಗುವಾಗ ಶಕ್ತಿ ಹೆಚ್ಚುತ್ತದೆ, ನಿಧಾನವಾಗಿ ತಿರುಗುವಾಗ ಎಳೆತ ಕಡಿಮೆಯಾಗುತ್ತದೆ. ಹೆಡ್ಡನ್ನು ಲೇತಿಗೆ ಕೊಟ್ಟು ಚೂರು ತೆಗೆಸಿದರೆ ಕಂಪ್ರೆಷನ್ ಏರುತ್ತದೆ. ಅತಿ ಮಾಡಿದರೆ ಪಿಸ್ಟನ್ನಿಗೇ ಕುತ್ತು. ಗಾಡಿಯನ್ನು ಜೋರಾಗಿ ಓಡಿಸಿ, ತಟ್ಟನೆ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡಬೇಕು: ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದು, ಮಸಿ ಹಿಡಿದಿದ್ದರೆ ಹೆಚ್ಚಾಯಿತು, ಕಾಫಿಪುಡಿ ಬಣ್ಣಕ್ಕೆ ಬಂದಿದ್ದರೆ ಕಾರ್ಬ್ಯುರೇಟರಿನ ಜೆಟ್ ಸರಿಯಾಗಿದೆ. ಈ ವಿದ್ಯೆಯನ್ನು ನಮ್ಮ ಮೇಸ್ತ್ರಿಗಳು ಕೈಗೆ ಎಣ್ಣೆ ಮೆತ್ತಿಕೊಂಡೇ ಕಲಿತರು.

1983ರಲ್ಲಿ ಯೆಜ್ಡಿಗೆ ಎದುರಾಳಿಯಾಗಿ ರಾಜ್‌ದೂತ್ 350 ಬೈಕ್ ಬಂತು: ಎರಡು ಸಿಲಿಂಡರ್, ಆರು ಗೇರು, ರೀಡ್ ವಾಲ್ವು. ನಾಲ್ಕು ಗೇರಿನ ಒಂಟಿ ಸಿಲಿಂಡರ್ ಯೆಜ್ಡಿಗೆ ಅದರ ಸರಿಸಮ ನಿಲ್ಲುವುದು ಕಷ್ಟವೇ. ಆದರೆ ಎದುರಾಳಿಯ ಆ ಹೊಸ ತಂತ್ರವನ್ನೂ ಸ್ಪ್ಯಾನರ್ ಹಿಡಿದು ಬಿಚ್ಚಿ ನೋಡಬಹುದಿತ್ತು. ಪೈಪೋಟಿ ಇಬ್ಬರು ಸವಾರರದಷ್ಟೇ ಅಲ್ಲ, ಎರಡು ಗ್ಯಾರೇಜುಗಳದ್ದೂ ಆಗಿತ್ತು.

ಈಗಿನ ವನ್-ಮೇಕ್ ರೇಸಿನಲ್ಲಿ ಎಲ್ಲರಿಗೂ ಒಂದೇ ಕಂಪನಿಯ ಒಂದೇ ಬಗೆಯ ಗಾಡಿ. ಅದರಲ್ಲೊಂದು ನ್ಯಾಯವಿದೆ, ಒಪ್ಪುತ್ತೇನೆ. ದುಡ್ಡಿನ ಬಲವಿಲ್ಲದ ಹುಡುಗನಿಗೂ ಗೆಲ್ಲುವ ದಾರಿ ಅಲ್ಲೇ ಸಿಗುವುದು. ಅದನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಆದರೆ ಎಲೆಕ್ಟ್ರಿಕ್ ಗಾಡಿಯ ಎಳೆತ ಎಷ್ಟು, ಬ್ಯಾಟರಿ ಬಿಸಿಯಾದಾಗ ಪವರ್ ಎಷ್ಟು ಇಳಿಯಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಕಂಟ್ರೋಲರಿನ ಸಾಫ್ಟ್‌ವೇರ್. ಅದು ಕಂಪನಿಯ ಲ್ಯಾಪ್‌ಟಾಪಿಗೆ ಮಾತ್ರ ತೆರೆದುಕೊಂಡರೆ, ಊರಿನ ಮೆಕ್ಯಾನಿಕ್ ತಂತಿ ಬೇಲಿಯ ಆಚೆ ನಿಂತ ಪ್ರೇಕ್ಷಕನಾಗುತ್ತಾನೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ವನ್-ಮೇಕ್ ಜೊತೆಗೇ ಎಲೆಕ್ಟ್ರಿಕ್ ಬೈಕುಗಳಿಗೆ ಒಂದು ಮುಕ್ತ ವಿಭಾಗ ಮಾಡಿ. ಬ್ಯಾಟರಿಯ ಗಾತ್ರ, ಗಾಡಿಯ ತೂಕ, ಖರ್ಚಿನ ಮಿತಿ, ಸುರಕ್ಷತೆಯ ನಿಯಮಗಳನ್ನು ಬಿಗಿಯಾಗಿಡಿ. ಮೋಟಾರು, ಕಂಟ್ರೋಲರ್, ಸ್ಪ್ರಾಕೆಟ್ಟುಗಳನ್ನು ತಂಡಕ್ಕೇ ಬಿಡಿ. ಗೆದ್ದ ತಂಡ ತನ್ನ ಸೆಟ್ಟಿಂಗನ್ನು ಸೀಸನ್ ಮುಗಿದ ಮೇಲೆ ಎಲ್ಲರಿಗೂ ತೋರಿಸಬೇಕೆಂಬ ನಿಯಮವಿರಲಿ. ಐಟಿಐ ಹುಡುಗರು, ನಮ್ಮೂರಿನ ಎನ್‌ಐಇ, ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು, ಯೆಜ್ಡಿ ಬಿಚ್ಚಿ ಪಳಗಿದ ಮೇಸ್ತ್ರಿಗಳು ಒಂದೇ ತಂಡದಲ್ಲಿ ಕೂರಲಿ. ಮೈಸೂರಿನ ಲಲಿತಮಹಲ್ ಹೆಲಿಪ್ಯಾಡ್ ಮೈದಾನದಲ್ಲಿ ಕಾರುಗಳ ಮಣ್ಣಿನ ರೇಸು ಆಗಲೇ ನಡೆದಿದೆ. ಈ ಮುಕ್ತ ವಿಭಾಗದ ಮೊದಲ ಪ್ರಯೋಗವನ್ನು ಅಲ್ಲೇ, ದಸರಾ ಹೊತ್ತಿಗೆ ಇಟ್ಟುಕೊಳ್ಳಿ.

ಇಂತಿ,
ಮೈಸೂರಿನ ಒಬ್ಬ ರೇಸ್ ಅಭಿಮಾನಿ