ವಿಕೆಟ್ ಮೀಮಾಂಸೆ

‘ವಿಕೆಟ್ ಬಿತ್ತು’ ಎಂದಾಗ ಬಿದ್ದದ್ದು ಏನು? ಪೂರ್ವಸೂರಿಗಳೆಲ್ಲ ಇದಕ್ಕೆ ಉತ್ತರಿಸದೆ ಪೆವಿಲಿಯನ್ ಸೇರಿರುವುದರಿಂದ ಈ ಪ್ರಬಂಧ ಅನಿವಾರ್ಯವಾಯಿತು.

ನಿಷ್ಪತ್ತಿ: ಹಳೆಯ ಫ್ರೆಂಚಿನಲ್ಲಿ ಇದು ಕಿರುಬಾಗಿಲು. ಕ್ರಿಕೆಟ್ಟಿನಲ್ಲೂ ಮೊದಲು ಇದ್ದದ್ದು ಎರಡೇ ಸ್ಟಂಪು. 1775ರಲ್ಲಿ ಲಂಪಿ ಸ್ಟೀವನ್ಸ್ ಎಸೆದ ಚೆಂಡು ಮೂರು ಸಲ ನಡುವಿನ ಕಂಡಿಯಲ್ಲಿ ನುಸುಳಿದರೂ ಜಾನ್ ಸ್ಮಾಲ್ ಔಟಾಗಲಿಲ್ಲ. ಬಾಗಿಲಿಗೆ ಮೂರನೆಯ ಕಂಬ ಬಂದದ್ದು ಆಮೇಲೆ.

ಲಕ್ಷಣ: ಎತ್ತರ 28 ಅಂಗುಲ, ಅಗಲ 9 ಅಂಗುಲ, ತಲೆಯ ಮೇಲೆ ಎರಡು ಬೇಲ್. ನಮ್ಮ ಓಣಿಯ ಪಾಠಾಂತರದಲ್ಲಿ ಮಾತ್ರ ಗೋಡೆಗೆ ಇದ್ದಿಲಿನಿಂದ ಎಳೆದ ಮೂರು ಗೀಟು. ಅದು ಬೀಳುವಂಥದ್ದಲ್ಲ; ಚೆಂಡಿಗೆ ಮಸಿ ಹತ್ತಿದ್ದರೆ ಔಟು. ಬ್ಯಾಟಿನ ಒಡೆಯ ಚೆಂಡನ್ನು ಚಡ್ಡಿಗೆ ಒರೆಸಿ, ‘ಎಲ್ಲೋ ಮಸಿ?’ ಎಂದರೆ ಅದೇ ಪರಮಪ್ರಮಾಣ.

ಪೂರ್ವಪಕ್ಷ: ಬೀಳುವುದು ಸ್ಟಂಪೇ ಎನ್ನುತ್ತಾರೆ. ಸಲ್ಲದು. ಕ್ಯಾಚ್ ಹಿಡಿದಾಗ ಮೂರೂ ನೆಟ್ಟಗಿರುತ್ತವೆ. 1999ರಲ್ಲಿ ಕೋಟ್ಲಾದಲ್ಲಿ ಕುಂಬ್ಳೆ ಒಂದೇ ಇನಿಂಗ್ಸಿನಲ್ಲಿ ಹತ್ತೂ ವಿಕೆಟ್ ‘ತೆಗೆದುಕೊಂಡರು’, ಮನೆಗೇನೂ ಹೊತ್ತೊಯ್ಯಬೇಕಾಗಿರಲಿಲ್ಲ. ಟೆಸ್ಟಿನಲ್ಲಿ ನಮ್ಮ ಚಂದ್ರಶೇಖರ್ ಪಡೆದ ವಿಕೆಟ್ 242, ಹೊಡೆದ ರನ್ 167. ವಿಕೆಟ್ಟೇ ಆಸ್ತಿ ಎನ್ನಲು ಇದಕ್ಕಿಂತ ದಾಖಲೆ ಬೇಕೆ? ‘ವಿಕೆಟ್ ಟರ್ನ್ ಆಗ್ತಿದೆ’ ಎಂದರೆ ನೆಲ. ‘ಐದು ವಿಕೆಟ್‌ಗಳಿಂದ ಗೆದ್ದರು’ ಎಂದರೆ ಬಿದ್ದವಲ್ಲ, ಬೀಳದೆ ಉಳಿದವು!

ಸಿದ್ಧಾಂತ: ಬೀಳುವುದು ಮರವಲ್ಲ, ಮನುಷ್ಯ. ಮಂತ್ರಿ ರಾಜೀನಾಮೆ ಕೊಟ್ಟರೂ ವಿಕೆಟ್ ಬಿತ್ತೆನ್ನುವುದು ಅದಕ್ಕೇ. ಇಲ್ಲೊಂದು ಸೂಕ್ಷ್ಮವಿದೆ: ಮೈದಾನದಲ್ಲಿ ಬೇಲ್ ಬಿದ್ದರೆ ಔಟ್, ಜೈಲಿನಲ್ಲಿ ಬೇಲ್ ಸಿಕ್ಕರೆ ಔಟ್.

ಅಪವಾದ: ಬಿದ್ದ ವಿಕೆಟ್ ಮರಳಿ ಏಳುವುದುಂಟೆ? ಉಂಟು. 1980ರಲ್ಲಿ ಮುಂಬೈಯಲ್ಲಿ ಅಂಪೈರ್ ಔಟ್ ಕೊಟ್ಟಿದ್ದ ಎದುರಾಳಿ ತಂಡದ ಬಾಬ್ ಟೇಲರ್ ಅವರನ್ನು ಭಾರತದ ನಾಯಕ ಜಿ.ಆರ್. ವಿಶ್ವನಾಥ್ ವಾಪಸ್ ಕರೆದರು. ಪುಣ್ಯಫಲವಾಗಿ ಭಾರತ ಸೋತಿತು, ಅದೂ ಹತ್ತು ವಿಕೆಟ್‌ಗಳಿಂದ. ಅಂದರೆ, ಬೀಳದ ಹತ್ತರಿಂದ.

ಫಲಶ್ರುತಿ: ಮೊನ್ನೆ ಗೆಳೆಯನೊಬ್ಬನ ಮದುವೆಯಲ್ಲಿ ಮೂರನೇ ಗಂಟು ಬೀಳುತ್ತಿದ್ದಂತೆ ಹಿಂದಿನ ಸಾಲಿನಿಂದ ‘ಇನ್ನೊಂದು ವಿಕೆಟ್ ಬಿತ್ತು’ ಎಂದು ಯಾರೋ ಕೂಗಿದರು. ಪ್ರಬಂಧಕಾರ ಟಿಪ್ಪಣಿಗೆಂದು ಪೆನ್ನು ತೆಗೆದ. ‘ನಿಮ್ಮದು ಬಿದ್ದು ಹದಿನಾರು ವರ್ಷ ಆಯ್ತು, ಏಳಿ, ಮೊದಲು ಊಟದ ಪಂಕ್ತಿ ಹಿಡೀರಿ’ ಎಂದಳು ಪಕ್ಕದಲ್ಲಿದ್ದ ಹೆಂಡತಿ. ಮರುಮಾತಿಲ್ಲದೆ ಎದ್ದೆ. ಬಿದ್ದ ವಿಕೆಟ್ ಏಳುವುದಕ್ಕೆ ಇದು ಎರಡನೆಯ ಉದಾಹರಣೆ.