ಮಕ್ಕಳ ಮನಸ್ಸು: ಮುಖ್ಯ ಶಿಕ್ಷಕರ ಉಪಯೋಗಕ್ಕೆ ಮಾತ್ರ

ಈ ಕೈಪಿಡಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಅನ್ವಯ. ಇದರಂತೆ ನಡೆದರೆ ಒಂದು ಮಗುವಿನ ಜೊತೆಯೂ ಮಾತಾಡದೆ ಇಡೀ ಶಾಲೆಯ ಮಾನಸಿಕ ಯೋಗಕ್ಷೇಮ ಕಾಪಾಡಬಹುದು.

ಬೇಕಾಗುವ ಸಾಮಗ್ರಿ: ಒಂದು ದಪ್ಪ ರಿಜಿಸ್ಟರ್, ರಬ್ಬರ್ ಸ್ಟಾಂಪು, ಬೀಗವಿರುವ ಪೆಟ್ಟಿಗೆ, ಜಿಪಿಎಸ್ ಫೋಟೊ ತೆಗೆಯುವ ಮೊಬೈಲು. ಆಪ್ತ ಸಮಾಲೋಚಕರು ಈ ಪಟ್ಟಿಯಲ್ಲಿಲ್ಲ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹತೆಯುಳ್ಳ ಒಬ್ಬರಾದರೂ ಇರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಹೇಳಿದ್ದು ನಿಜ. ನಿಮ್ಮಲ್ಲಿ ಇಲ್ಲವಾದರೆ ಪಿಇ ಮೇಷ್ಟ್ರ ಹೆಸರು ಬರೆದುಬಿಡಿ. ಮಕ್ಕಳನ್ನು ಸುಮ್ಮನಾಗಿಸುವ ಅನುಭವ ಅವರಿಗಿದೆ, ಶಿಳ್ಳೆಯೂ ಇದೆ.

ದೂರು ಪೆಟ್ಟಿಗೆಯನ್ನು ನಿಮ್ಮ ಕೊಠಡಿಯ ಬಾಗಿಲಿಗೇ ತಗುಲಿಸಿ. ಚೀಟಿ ಹಾಕುವ ಕೈ ಯಾರದೆಂದು ಕುರ್ಚಿಯಿಂದಲೇ ಕಾಣಬೇಕು. ಕೀಲಿ ನಿಮ್ಮ ಜೇಬಿನಲ್ಲಿರಲಿ. ತಿಂಗಳ ಕೊನೆಗೆ ತೆರೆದು, ‘ದೂರು: ಇಲ್ಲ’ ಎಂದು ಬರೆದು ಸ್ಟಾಂಪು ಒತ್ತಿ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಯಲವಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಗೊತ್ತಾದದ್ದು ಮೊಬೈಲ್ ವಿಡಿಯೊದಿಂದ. ಆಮೇಲೆ ಅಮಾನತು, ಬಂಧನ, ಸಚಿವರ ಭೇಟಿ ಎಲ್ಲವೂ ಆಯಿತು. ಆ ಮಕ್ಕಳು ಅದಕ್ಕೂ ಮೊದಲು ಯಾರ ಹತ್ತಿರ ಹೋಗಿ ಹೇಳಬಹುದಿತ್ತು ಎಂಬುದಕ್ಕೆ ನಮ್ಮ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಮನೆ ಕಡೆಯ ಸಂಗತಿಗಳಿಗೂ ಇಲ್ಲ. ಮೊದಲ ಪಿರಿಯಡ್ಡಿಗೇ ತೂಕಡಿಸುವ ಹುಡುಗ ರಾತ್ರಿ ಅಪ್ಪನ ಜೊತೆ ಟೊಮೆಟೊ ಬಾಕ್ಸು ತುಂಬಿ ಕೋಲಾರದ ಮಂಡಿಗೆ ಬಂದಿರಬಹುದು. ನರಸಾಪುರದ ಕಂಪನಿ ಬಸ್ಸು ಹತ್ತುವ ಅಮ್ಮನ ಮುಖವನ್ನು ಅವನು ಭಾನುವಾರವಷ್ಟೇ ನೋಡುತ್ತಿರಬಹುದು. 2025ರ ಜೂನ್‌ನಲ್ಲಿ ಶಾಲೆ ತೆರೆದ ಹೊಸದರಲ್ಲೇ ಮಾವಿನ ರೇಟು ಬಿದ್ದು ಶ್ರೀನಿವಾಸಪುರ ಬಂದ್ ಆಯಿತು. ಆ ವಾರ ಹೋಂವರ್ಕ್ ಮಾಡದೆ ಬಂದವರಿಗೆಲ್ಲ ‘ಕಲಿಕೆಯಲ್ಲಿ ನಿರಾಸಕ್ತಿ’ ಎಂದು ಬರೆಯುವುದು ಸುಲಭ. ಮನೆಯಲ್ಲಿ ತೆಲುಗು ಆಡುವ ಮಗುವನ್ನು ಮಾತ್ರ ಅಪ್ಪಿತಪ್ಪಿಯೂ ತೆಲುಗಿನಲ್ಲಿ ‘ಏಮೈಂದಿರಾ?’ ಎನ್ನಬೇಡಿ. ಅಳಲು ಶುರು ಮಾಡಿದರೆ ಪಿರಿಯಡ್ಡು ಮುಗಿಯುವುದಿಲ್ಲ.

ಈಗ ಎಸ್ಸೆಸ್ಸೆಲ್ಸಿ. ಜಿಲ್ಲೆಗೆ ಎಷ್ಟನೇ ಸ್ಥಾನ ಎಂದು ಡಿಡಿಪಿಐ ಬಿಇಒಗಳನ್ನು ಕೇಳುತ್ತಾರೆ, ಬಿಇಒ ನಿಮ್ಮನ್ನು, ನೀವು ಗಣಿತದ ಮೇಷ್ಟ್ರನ್ನು, ಅವರು ಕೊನೇ ಬೆಂಚನ್ನು. ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಕೂರಿಸಬೇಡಿ ಎಂದೂ ಅದೇ ಕೋರ್ಟ್ ಹೇಳಿದೆ. ಚಿಂತೆಯಿಲ್ಲ, ಎ, ಬಿ, ಸಿ ಅನ್ನುವ ಬದಲು ಗುಂಪುಗಳಿಗೆ ಕೋಲಾರಮ್ಮ, ಅಂತರಗಂಗೆ, ಕುರುಡುಮಲೆ ಎಂದು ಹೆಸರಿಡಿ. ಪಾಸಾಗಲು ಸಾಕಾಗುವಷ್ಟೇ ಪಾಠದ ‘ಪಾಸಿಂಗ್ ಪ್ಯಾಕೇಜ್’ ಯಾವ ಗುಂಪಿನ ಕೈಗೆ ಬಂತೆಂದು ಮಕ್ಕಳಿಗೆ ಮಧ್ಯಾಹ್ನದ ಊಟದೊಳಗೆ ತಿಳಿದಿರುತ್ತದೆ. ಪರೀಕ್ಷೆಗೆ ಒಂದಕ್ಕಿಂತ ಹೆಚ್ಚು ಅವಕಾಶ ಇರುವುದನ್ನು ಪ್ರಾರ್ಥನೆ ಹೊತ್ತಿನಲ್ಲಿ ಹೇಳಲು ಹೋಗಬೇಡಿ, ಭಯ ಹೊರಟುಹೋಗುತ್ತದೆ. ಸ್ಫೂರ್ತಿಗೆ ಮಾಲೂರು ತಾಲ್ಲೂಕಿನ ಮಾಸ್ತಿಯವರು ಇದ್ದಾರೆ: ಎಂ.ಎ., ದೊಡ್ಡ ಅಧಿಕಾರಿ, ಜ್ಞಾನಪೀಠ. ಮುಳಬಾಗಿಲಿನ ಡಿವಿಜಿಯವರ ಫೋಟೊ ಗೋಡೆಯ ಮೇಲೆ ಇರಲಿ, ಆದರೆ ಅವರು ಮೆಟ್ರಿಕ್ ಪಾಸಾಗಿರಲಿಲ್ಲ ಎಂಬ ವಿಚಾರ ಫಲಿತಾಂಶದ ದಿನದವರೆಗೂ ಸ್ಟಾಫ್ ರೂಮಿನೊಳಗೇ ಇರಲಿ. ಫಲಿತಾಂಶದ ದಿನ ಅದನ್ನು ಹೇಳಲು ಯಾರಿಗೂ ನೆನಪಿರುವುದಿಲ್ಲ.

ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ. ಬ್ಯಾನರ್, ಪ್ರತಿಜ್ಞೆ, ಫೋಟೊ ಕಡ್ಡಾಯ. 2025ರಲ್ಲಿ ಆ ದಿನ ಸರ್ಕಾರಿ ಶಾಲೆಗಳಿಗೆ ರಜೆಯಿತ್ತು. ದಸರಾ ರಜೆಯನ್ನು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ 18ರವರೆಗೆ ವಿಸ್ತರಿಸಿದ್ದರು, ಶಿಕ್ಷಕರು ಮನೆಮನೆ ಸುತ್ತುತ್ತಿದ್ದರು. ಹೀಗೆ ತಾರೀಕು ಕೈಕೊಟ್ಟ ವರ್ಷ ಹಿಂದಿನ ಸಲದ ಬ್ಯಾನರನ್ನೇ ಇನ್ನೊಂದು ದಿನ ಹಿಡಿಸಬಹುದು. (ಶಿಕ್ಷಕರ ಮಾನಸಿಕ ಯೋಗಕ್ಷೇಮದ ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ.)

ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ ಸಂಖ್ಯೆ 14416ನ್ನು ದೊಡ್ಡ ಅಕ್ಷರದಲ್ಲಿ ಗೋಡೆಗೆ ಬರೆಸಿ. ಅದರ ಕೆಳಗೆ ‘ಶಾಲೆಗೆ ಮೊಬೈಲ್ ತರುವಂತಿಲ್ಲ’ ಎಂಬ ಸೂಚನೆ ಈಗಾಗಲೇ ಇದ್ದರೆ ಅಳಿಸುವ ಅಗತ್ಯವಿಲ್ಲ.

ಇಷ್ಟೆಲ್ಲ ಮಾಡಿಯೂ ಒಂದೊಂದು ಸಲ ಯಾವುದಾದರೂ ಮಗು ಬಾಗಿಲ ಬಳಿ ಬಂದು, ‘ಸಾರ್, ಒಂದು ಮಾತು’ ಅಂದುಬಿಡುತ್ತದೆ. ಇದಕ್ಕೆ ನಮೂನೆ ಇಲ್ಲ. ಕುರ್ಚಿ ತೋರಿಸಿ. ಅಟೆಂಡರನ್ನು ಟೀ ತರಲು ಕಳಿಸಿ, ಬೇಗ ಬರಬೇಡ ಅನ್ನಿ. ‘ನಮ್ಮ ಕಾಲದಲ್ಲಿ’ ಎಂದು ಶುರು ಮಾಡಬೇಡಿ. ಅದು ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲೇ ಕೇಳಿ. ಮಾತು ನಿಮ್ಮ ಕೈಮೀರಿದ್ದು ಅನ್ನಿಸಿದರೆ ನಿಮ್ಮ ಮೊಬೈಲಿನಿಂದಲೇ 14416 ಒತ್ತಿ ಅದರ ಕೈಗೆ ಕೊಡಿ. ಯಾರಾದರೂ ಹೊಡೆಯುತ್ತಿದ್ದರೆ, ಮೈಮುಟ್ಟುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಮನೋಚೈತನ್ಯ ಕಾರ್ಯಕ್ರಮದ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವುದು ಮಂಗಳವಾರ. ನಿಮ್ಮ ತಾಲ್ಲೂಕಿನ ಸರದಿ ಯಾವತ್ತೆಂದು ಮೊದಲೇ ವಿಚಾರಿಸಿ, ಮಗುವನ್ನೂ ಅದರ ಅಮ್ಮನನ್ನೂ ನೀವೇ ಕರೆದುಕೊಂಡು ಹೋಗಿ. ಕಂಪನಿಯಲ್ಲಿ ಅಮ್ಮನಿಗೆ ರಜೆ ಕೊಡದಿದ್ದರೆ ಸೂಪರ್‌ವೈಸರಿಗೆ ಫೋನ್ ಮಾಡುವುದೂ ನಿಮ್ಮ ಪಾಲಿನದೇ. ಫೋಟೊ ಮಾತ್ರ ತೆಗೆಯಬೇಡಿ, ವಾಟ್ಸಾಪ್ ಗ್ರೂಪಿನಲ್ಲಿ ಬಿಇಒ ಎರಡು ಸಲ ಕೇಳಿದರೂ.